ವೀರಯ್ಯ ಹೊತ್ತ ನೀರು

ಒಂಬತ್ತು ವರ್ಷ, ಮಳೆ ಇರಲಿ ಬಿಸಿಲಿರಲಿ, ವೀರಯ್ಯ ಪಕ್ಕದ ಮನೆಯ ಹುಲಿಯಮ್ಮನಿಗೆ ದಿನಾ ನಾಲ್ಕೈದು ಕೊಡ ನೀರು ಹೊತ್ತು ಹಾಕಿದ. ಬೆಳಗೋಡಿನಿಂದಾಚೆ ಗುಡ್ಡದ ಮೇಲಿನ ಎಸ್ಟೇಟಿನ ಕೂಲಿ ಲೈನ್ ಅದು, ಒಂದಕ್ಕೊಂದು ಅಂಟಿದ ಸಾಲುಮನೆಗಳು. ನಲ್ಲಿ ಕೆಳಗೆ ಹಳ್ಳದ ಪಕ್ಕ, ಮನೆಗಳು ಮೇಲೆ. ಸೌದೆ ಸೀಳಿ ಕೊಟ್ಟ, ಹೆಂಚು ಸರಿಮಾಡಿದ, ಅವಳ ಮಗಳು ನಯನಾಗೆ ಜ್ವರ ಏರಿದಾಗ ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದ. "ಎಂಥಾ ಒಳ್ಳೆ ಮನ್ಸ ಮಾರಾಯ!" ಅನ್ನುತ್ತಿದ್ದರು ಲೈನಿನವರು. ಒಳ್ಳೆಯವನಂತೆ! ಆ ಮನೆಯ ಗಂಡಸು ಸತ್ತದ್ದೇ ಇವನಿಂದ ಅಂತ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಆದದ್ದು ತೊಂಬತ್ತೇಳರಲ್ಲಿ. ಆ ವರ್ಷ ಕಾಫಿಗೆ ಕಾಯಿಕೊರಕ ಹುಳ ಬಿದ್ದು ಎಸ್ಟೇಟಿನವರು ವಿಷ ಹೊಡೆಸುತ್ತಿದ್ದರು. ಹೊಡೆಯುವ ಆಳುಗಳು ಡಬ್ಬದ ತಳದಲ್ಲಿ ಉಳಿದದ್ದನ್ನು ಕದ್ದು ತರುವುದು ಮಾಮೂಲು, ಲೈನ್ ಮನೆಗಳ ತಿಗಣೆಗೆ ಅದಕ್ಕಿಂತ ಒಳ್ಳೆಯ ಮದ್ದಿರಲಿಲ್ಲ. ವೀರಯ್ಯನೂ ತಂದ. ತಂದವನು ಖಾಲಿ ಬ್ರಾಂದಿ ಬಾಟಲಿಗೆ ಸುರಿದು ಎರಡು ಮನೆಗಳ ನಡುವಿನ ಗೋಡೆಯ ಮೇಲಿಟ್ಟ. ಲೈನಿನ ಗೋಡೆಗಳು ಹೆಂಚಿನವರೆಗೆ ಹೋಗುವುದಿಲ್ಲ; ಇತ್ತಲಿಂದ ಇಟ್ಟದ್ದು ಅತ್ತಲಿನವರ ಕೈಗೂ ಎಟುಕುತ್ತದೆ. ಮರುದಿನ ಮಧ್ಯಾಹ್ನ ಹುಲಿಯಮ್ಮನ ಗಂಡ ರಂಗಸ್ವಾಮಿಯ ಕೈಗೆ ಎಟುಕಿತು. ಪಕ್ಕದವನು ಬಚ್ಚಿಟ್ಟ ಬ್ರಾಂದಿ ಅಂದುಕೊಂಡು ಗಟಗಟ ಎತ್ತಿಬಿಟ್ಟ. ಗಲಾಟೆ ಕೇಳಿ ಓಡಿಬಂದ ವೀರಯ್ಯ ಮೊದಲು ಮಾಡಿದ ಕೆಲಸ, ಬಾಟಲಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು.

ಅವತ್ತು ಬೆಳಿಗ್ಗೆ ಗಂಡ ಹೆಂಡತಿಗೆ ಜಗಳ ಆಗಿತ್ತು. "ಎಲ್ಲಾದ್ರೂ ಹೋಗಿ ಸಾಯಿ" ಅಂತ ಹುಲಿಯಮ್ಮ ಕೂಗಿದ್ದನ್ನು ಇಡೀ ಲೈನ್ ಕೇಳಿಸಿಕೊಂಡಿತ್ತು. ಸಾಕಲ್ಲ! ಹೆಂಡತಿಯ ಬಾಯಿಗೆ ಹೆದರಿ ವಿಷ ಕುಡಿದ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಹುಲಿಯಮ್ಮನೂ ಅದನ್ನೇ ನಂಬಿದಳು. ಆಮೇಲೆ ಅವಳು ಯಾರ ಹತ್ತಿರವೂ ದನಿ ಎತ್ತಿ ಮಾತಾಡಲಿಲ್ಲ.

ವೀರಯ್ಯನಿಗೆ ಅನ್ನ ಸೇರದಾಯಿತು. ಯಾರೋ ಕರೆದರು ಅಂತ ಬೆಳಗೋಡಿನ ಪ್ರಾರ್ಥನೆ ಮನೆಗೆ ಹೋದ, ಒಂದು ತಪ್ಪು ಮಾಡಿದ್ದೇನೆ ಅಂತ ಅತ್ತ, ಏನು ತಪ್ಪು ಅಂತ ಮಾತ್ರ ಹೇಳಲಿಲ್ಲ. ಹೇಮಾವತಿಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟ ಪಾಸ್ಟರ್ ದೇವಸಹಾಯಂ ಅವನ ನೀರು ಹೊರುವ ಕಥೆ ಕೇಳಿ ಒಮ್ಮೆ ಅಂದರು, "ಕ್ಷಮೆ ಸಿಗಲಿ ಅಂತ ಹೊರಬೇಡ ವೀರಯ್ಯ. ಯೇಸು ಅದನ್ನ ಆಗಲೇ ಕೊಟ್ಟಾಗಿದೆ, ಪುಕ್ಕಟೆಯಾಗಿ. ಸಿಕ್ಕಿದೆಯಲ್ಲ ಅಂತ ಒಳ್ಳೇದು ಮಾಡು." ವೀರಯ್ಯ ತಲೆಯಾಡಿಸಿದ. ಮರುದಿನದಿಂದ ನಾಲ್ಕು ಕೊಡದ ಬದಲು ಐದು ಹೊತ್ತ. ಪುಕ್ಕಟೆ ಅನ್ನುವುದನ್ನು ನಂಬುವ ಧೈರ್ಯ ಆ ಪುಣ್ಯಾತ್ಮನಿಗೆ ಇರಲಿಲ್ಲ.

ಎರಡು ಸಾವಿರದ ಆರರ ಮಹಾಲಯ ಅಮಾವಾಸ್ಯೆ. ರಂಗಸ್ವಾಮಿಯ ಅಣ್ಣ ಲಕ್ಕಪ್ಪನ ಮನೆ ಆಲೂರು ಕಡೆಯ ಹಳ್ಳಿಯಲ್ಲಿ. ಸತ್ತ ಹಿರಿಯರಿಗೆ ಎಡೆ ಇಡುವುದು ಅಲ್ಲೇ. ಹುಲಿಯಮ್ಮ ವರ್ಷಾವರ್ಷ ಅಕ್ಕಿ, ಕೋಳಿ ಹೊತ್ತು ಹೋಗುವಳು. ಗಂಡನನ್ನು ಸಾಯಿಸಿದವಳು ಅಂತ ಅವಳ ಕೈಯಿಂದ ಎಡೆ ಮುಟ್ಟಿಸುತ್ತಿರಲಿಲ್ಲ, ಜಗುಲಿಯಲ್ಲೇ ಕೂರಿಸುವರು. ಆ ಸಲ ಮೂಟೆ ಹೊತ್ತುಕೊಂಡು ವೀರಯ್ಯನೂ ಜೊತೆಗೆ ಹೋಗಿದ್ದ. ಒಳಗೆ ಲಕ್ಕಪ್ಪ ತಮ್ಮನ ಹೆಸರಿಗೆ ಎಲೆ ಹಾಕುತ್ತಿದ್ದ. ಹದಿನಾಲ್ಕರ ನಯನಾ ಜಗುಲಿಯಲ್ಲಿ ತಾಯಿಯ ಪಕ್ಕ ಕೂತು ಇದ್ದಕ್ಕಿದ್ದಂತೆ ಕೇಳಿದಳು:

"ಅವ್ವಾ, ಅಪ್ಪ ನಿನ್ನಿಂದ್ಲೇ ಸತ್ತಿದ್ದಾ?"

ಹುಲಿಯಮ್ಮ ಮಗಳ ಮುಖ ನೋಡಲಿಲ್ಲ. "ಹೂಂ ಕಣವ್ವ. ನಾನೇ ಸಾಯ್ಸಿದ್ದು."

ಪಕ್ಕದಲ್ಲೇ ಮೂಟೆ ಇಳಿಸಿ ಕೂತಿದ್ದ ವೀರಯ್ಯನಿಗೆ ಅದು ಕೇಳಿಸಿತು. ಥೂ, ಎಂಥಾ ಬಾಳು ತನ್ನದು! ಆ ಹೆಂಗಸಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅದನ್ನು ನುಂಗಿಕೊಂಡು ಒಂಬತ್ತು ವರ್ಷ ನೀರು ಹೊತ್ತಿದ್ದ. ದೇವರು ಮನ್ನಿಸಿದ್ದು ನಿಜವಾದರೆ ಇನ್ನು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೇನೆ? ಅವನು ಎದ್ದು ಹೊಸಿಲ ಹತ್ತಿರ ಹೋಗಿ ನಿಂತ.

"ಲಕ್ಕಪ್ಪಣ್ಣ, ಆ ಇಸ ನಂದು. ತಿಗಣೆಗೆ ಅಂತ ಬ್ರಾಂದಿ ಬಾಟ್ಲೀಗೆ ಹಾಕಿ ಗೋಡೆ ಮ್ಯಾಲಿಟ್ಟಿದ್ದೆ. ರಂಗಸ್ವಾಮಿ ಗೊತ್ತಿಲ್ದೆ ಕುಡ್ದುಬುಟ್ಟ. ಬಾಟ್ಲಿ ಎತ್ತಿಟ್ಟೋನೂ ನಾನೇ."

ಲಕ್ಕಪ್ಪ ಎಲೆ ಬಿಟ್ಟೆದ್ದು ಬಂದ. ಕೈಗೆ ಸಿಕ್ಕ ಒಲೆ ಊದುವ ಕೊಳವೆಯಿಂದ ಬಾರಿಸಿದ, ನೆಂಟರೂ ಸೇರಿಕೊಂಡರು. ವೀರಯ್ಯ ಕೈ ಅಡ್ಡ ತರಲಿಲ್ಲ. ಎರಡು ಹಲ್ಲು ಅಂಗಳಕ್ಕೆ ಬಿದ್ದವು. ಹೊಡೆದು ಸಾಕಾದ ಮೇಲೆ ಹುಲಿಯಮ್ಮ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತಳು.

"ಹಂಗಾದ್ರೆ ನನ್ ಮಾತಿಗೆ ಕುಡೀಲಿಲ್ವಾ ಅವ್ರು?"

"ಇಲ್ಲ ಕಣವ್ವ."

"ಅಷ್ಟೊಂದು ನೀರು ಹೊತ್ಯಲ್ಲೋ ಪಾಪಿ, ಇದೊಂದು ಮಾತು ಹೊರಕ್ಕಾಗ್ಲಿಲ್ವಾ ನಿಂಗೆ?"

ಅವನು ಕ್ಷಮಿಸು ಅನ್ನಲಿಲ್ಲ. ಅವಳೂ ಕ್ಷಮಿಸಿದೆ ಅನ್ನಲಿಲ್ಲ. "ಇನ್ಮ್ಯಾಲೆ ನನ್ ಹೊಸ್ಲು ತುಳೀಬ್ಯಾಡ" ಅಂದು ಎದ್ದು, ಕೈ ತೊಳೆದು, ಮಗಳನ್ನು ಕರೆದುಕೊಂಡು ಒಳಗೆ ಹೋದಳು. ಲಕ್ಕಪ್ಪ ದಾರಿ ಬಿಟ್ಟ. ಅಂಗಳದಲ್ಲಿ ಬಿದ್ದಿದ್ದ ವೀರಯ್ಯನಿಗೆ ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಹುಲಿಯಮ್ಮ ಗಂಡನ ಎಲೆಯ ಮುಂದೆ ಕೂತು ಅನ್ನ ಬಡಿಸಿದಳು, ಸಾರು ಬಿಟ್ಟಳು, ಒಂದು ತುಂಡು ಜಾಸ್ತಿಯೇ ಹಾಕಿದಳು. ಆಮೇಲೆ ಇಡೀ ಹಟ್ಟಿಗೆ ಕೇಳುವ ಹಾಗೆ ದನಿ ಎತ್ತಿ ಅತ್ತಳು:

"ಉಣ್ರೀ. ಬೇಕೂಂತ ನನ್ ಬುಟ್ಟು ಹೋಗಿರ್ಲಿಲ್ವಂತೆ ನೀವು. ಉಣ್ರೀ."