ಮೊದಲ ತೆಪ್ಪ

ನಮ್ಮೂರ ಹೊಳೆದಂಡೆಗೆ ಮೋಜಿಗೆಂದು ಬರುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅವರಿಂದಲೇ ನಮ್ಮ ಹೊಟ್ಟೆ ತುಂಬುವುದು, ಒಪ್ಪುತ್ತೇನೆ. ಆದರೂ ಆಗಿಬರುವುದಿಲ್ಲ. ಮುಡುಕುತೊರೆ ಬೆಟ್ಟ ಹತ್ತಿ ಇಳಿದು, ತಲಕಾಡಿನ ಮರಳಲ್ಲಿ ಕಾಲು ಸುಟ್ಟುಕೊಂಡು, ಮಧ್ಯಾಹ್ನದ ಹೊತ್ತಿಗೆ ಕಾವೇರಿಗೆ ಬಂದು ಬೀಳುತ್ತಾರೆ. ಅವರಿಗೋಸ್ಕರ ದಂಡೆಯಲ್ಲಿ ಎರಡು ಉಯ್ಯಾಲೆ, ಫೋಟೊಗೆ ನಿಲ್ಲಲು ತಗಡಿನ ಹೃದಯ, ಕೊಂಬು ಮುರಿದ ಸಿಮೆಂಟಿನ ಜಿಂಕೆ, ಬಟ್ಟೆ ಬದಲಿಸಲು ಚಿಲಕವಿಲ್ಲದ ಕೋಣೆ, ಎಲ್ಲ ಆಗಿವೆ. ‘ಮೊಸಳೆಗಳಿವೆ, ಎಚ್ಚರಿಕೆ’ ಅನ್ನುವ ಬೋರ್ಡಿಗೇ ಒರಗಿಕೊಂಡು ಪ್ಯಾಂಟು ಮಡಚುತ್ತಾರೆ, ಪುಣ್ಯಾತ್ಮರು.

ಅವರಿಗೆ ನಿಜವಾಗಿ ಬೇಕಾದದ್ದು ತೆಪ್ಪ. ನಡುಹೊಳೆಗೆ ಹೋದಮೇಲೆ ಅದನ್ನು ಗಿರಗಿರ ಸುತ್ತಿಸಬೇಕು, ಸುತ್ತಿಸುವಾಗ ಅವರು ಕಿರುಚಬೇಕು. ಆ ಕಿರುಚಾಟಕ್ಕೇ ಅಷ್ಟು ದೂರದಿಂದ ಬರುವುದು.

ನಾವು ಆರು ಜನ ತೆಪ್ಪದವರು. ಬೆಳಿಗ್ಗೆ ತೆಪ್ಪಗಳನ್ನು ಮರಳಿನ ಮೇಲೆ ಸಾಲಾಗಿ ಕವುಚಿ ಹಾಕುತ್ತೇವೆ. ಸಾಲಿನಲ್ಲಿ ಮೊದಲನೆಯದು ಯಾರದೋ ಅವನೇ ಹೊಳೆಗೆ ಅರಿಸಿನ ಕುಂಕುಮ ಹಾಕಿ ಮೊದಲು ಇಳಿಯಬೇಕು. ಬಂದವರಲ್ಲಿ ದೊಡ್ಡ ಗುಂಪು ಅವನಿಗೇ. ಆ ಜಾಗ ವಯಸ್ಸಿನಲ್ಲಿ ಹಿರಿಯನದು. ಆದರೆ ನಮ್ಮಲ್ಲೊಂದು ಕಟ್ಟು ಇದೆ: ಗಿರಾಕಿ ಕೇಳಿದಾಗ ಸುತ್ತಿಸಲಾರದವನು ಸಾಲಿನ ಕೊನೆಗೆ ಹೋಗಬೇಕು. ಆಗೆಲ್ಲ ಮೊದಲನೆಯವನು ನನ್ನ ಅಣ್ಣ. ಎರಡನೆಯವನು ನಾನು.

ಅಣ್ಣನಿಗೆ ತಲೆಸುತ್ತು ಶುರುವಾಗಿತ್ತು. ಅವ್ವನಿಗೂ ಇತ್ತು ಅದು. ಎದ್ದು ನಿಲ್ಲುವಾಗ ಬಲಗಣ್ಣು ಕಿರಿದು ಮಾಡಿ ಕಂಬ ಹಿಡಿಯುತ್ತಿದ್ದಳು. ಅಣ್ಣನೂ ಥೇಟ್ ಹಾಗೆಯೇ. ತೆಪ್ಪ ನೇರ ಹೋದರೆ ತೊಂದರೆಯಿಲ್ಲ, ಸುತ್ತಿಸಿದರೆ ಮುಗಿಯಿತು. ಅದಕ್ಕೇ ಯಾರಾದರೂ ಕೇಳಿದರೆ, “ಇವತ್ತು ನೀರು ಸೆಳೀತದೆ ಕಣ್ರವ್ವಾ, ಸುತ್ತುಸ್ಬಾರ್ದು” ಅಂತ ಮುಖ ಗಂಟು ಹಾಕಿಕೊಂಡು ಹೇಳುತ್ತಿದ್ದ. ಜನ ಹೆದರಿ ಸುಮ್ಮನಾಗುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಒಂದೇ ಮನೆಯಲ್ಲಿದ್ದ ನನಗೆ ಮಾತ್ರ.

“ಯಾರ್ಗೂ ಏಳ್ಬೇಡ ಕಣ್ಲಾ. ತೆಪ್ಪ ಬಿಟ್ರೆ ನಂಗೇನ್ ಬತ್ತದೆ?” ಅಂದಿದ್ದ. “ಆಯ್ತು ಬುಡಣ್ಣೋ” ಅಂದಿದ್ದೆ.

ಇಪ್ಪತ್ತು ವರ್ಷ ಎರಡನೆಯವನಾಗಿ ನಿಂತು ನನ್ನ ಹೊಟ್ಟೆ ಉರಿದುಹೋಗಿತ್ತು. ಆಮೇಲೆ ನಾನು ಮಾಡಿದ್ದಕ್ಕೆ ಅಷ್ಟೇ ಕಾರಣ. ಬೇರೆ ಯಾವ ದೊಡ್ಡ ಕಾರಣವನ್ನೂ ಈಗ ಹುಡುಕಿ ಅಂಟಿಸುವುದಿಲ್ಲ.

ಒಂದು ಭಾನುವಾರ ಮೈಸೂರಿನಿಂದ ಕಾಲೇಜಿನ ಗುಂಪೊಂದು ಬಂತು. ಚುರುಮುರಿ ಗಾಡಿಯ ಹತ್ತಿರ ನಿಂತಿದ್ದರು. ಮೆಲ್ಲಗೆ ಹೋಗಿ, “ಮೊದಲನೇ ತೆಪ್ಪುಕ್ಕೇ ಕೂತ್ಕಳಿ. ನೀರು ಸೆಳೀತದೆ ಅಂತಾನೆ, ನಂಬ್ಬೇಡಿ. ಬಿಡ್ದೆ ಸುತ್ತುಸ್ಕಳಿ, ಅವ್ನಂಗೆ ಸುತ್ತುಸೋರು ಈ ವೊಳೇಲೇ ಇಲ್ಲ” ಅಂದೆ.

ನಡುಹೊಳೆಯಿಂದ ಅವರ ಕೂಗು ದಂಡೆಗೆ ಕೇಳಿಸಿತು. “ರೌಂಡ್ ಹಾಕಿ ಅಂಕಲ್! ಸುಳ್ಳು ಹೇಳ್ಬೇಡಿ ಅಂಕಲ್!” ಅಣ್ಣ ದಂಡೆಯ ಕಡೆ ನೋಡಿದ. ತೆಪ್ಪದವರೆಲ್ಲ ನಿಂತು ನೋಡುತ್ತಿದ್ದರು. ಅವನಿಗೆ ಬೇರೆ ದಾರಿಯಿರಲಿಲ್ಲ. ಹುಟ್ಟನ್ನು ನೀರಿಗೆ ಊರಿ ಎಳೆದ. ಒಂದು ಸುತ್ತು, ಎರಡು, ಮೂರು. ಆಮೇಲೆ ಮಂಡಿಯೂರಿ ಕುಸಿದು, ಹುಡುಗಿಯೊಬ್ಬಳ ಶೂ ಮೇಲೆ ವಾಂತಿ ಮಾಡಿಕೊಂಡ. ಹುಟ್ಟು ಕೈಜಾರಿ ತೇಲಿಹೋಯಿತು. ಮೊಬೈಲುಗಳು ಮೇಲೆದ್ದವು. “ಅಂಕಲ್ ಫುಲ್ ಟೈಟು!” ಅಂತ ಒಬ್ಬ ಕೂಗಿದ. ನಮ್ಮಣ್ಣ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ.

ನಾನೇ ಹೋಗಿ ಅವನ ತೆಪ್ಪವನ್ನು ಎಳೆದು ತಂದೆ. ದಾರಿಯುದ್ದಕ್ಕೂ ನನ್ನ ತೆಪ್ಪದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. “ದೇವ್ರಂಗೆ ಬಂದೆ ಕಣ್ಲಾ” ಅಂದ. ನಾನು ಹುಟ್ಟು ಹಾಕುತ್ತಲೇ ಇದ್ದೆ.

ಸಂಜೆಯೊಳಗೆ ಆ ವಿಡಿಯೊ ನಮ್ಮ ಫೋನುಗಳಿಗೇ ಬಂತು, ಕುಡುಕ ತೆಪ್ಪದವನು ಅಂತ. ಮಾರನೆಯ ದಿನ ಅಣ್ಣ ತಾನಾಗಿಯೇ ತನ್ನ ತೆಪ್ಪವನ್ನು ಕೊನೆಯಲ್ಲಿ ಕವುಚಿದ. ಅದಕ್ಕೆ ಯಾರೂ ಹತ್ತಲಿಲ್ಲ. ಮೂರನೆಯ ದಿನ ತರಲೇ ಇಲ್ಲ. ನಾನು ಹೊಳೆಗೆ ಅರಿಸಿನ ಹಾಕಿ ಮೊದಲು ಇಳಿದೆ. ನಾಚಿಕೆ ಆಯಿತೇ ಅಂದರೆ, ಇಲ್ಲ. ಖುಷಿಯಾಯಿತು.

ಚುರುಮುರಿ ಗಾಡಿಯ ಮುದುಕಿ ನಾನು ಆ ಗುಂಪಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಕೈಲಾಗದೆ ಗಾಡಿಯನ್ನು ಅಣ್ಣನಿಗೆ ಬಿಟ್ಟುಕೊಟ್ಟಾಗ ಆ ಮಾತನ್ನೂ ಅವನ ಕಿವಿಗೆ ಹಾಕಿದಳು. ಅವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಜಗಳ ಆಡಿದ್ದರೆ ವಾಸಿಯಿತ್ತು. ಗಾಡಿಯ ಹಿಂದೆ ನಿಂತು ಈರುಳ್ಳಿ ಹೆಚ್ಚುತ್ತಾ ಹೊಳೆಯನ್ನೇ ನೋಡುತ್ತಿದ್ದ, ದಿನಾ, ವರ್ಷಗಟ್ಟಲೆ.

ಹೋದ ವರ್ಷ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಸೂರು ವಾಲಿತು. ಬಲಗಣ್ಣು ಕಿರಿದು ಮಾಡಿ, ಅವ್ವ ಹಿಡಿಯುತ್ತಿದ್ದ ಕಂಬವನ್ನೇ ಹೋಗಿ ಹಿಡಿದೆ. ಅಯ್ಯೋ, ನನಗೂ ಬಂತಲ್ಲಪ್ಪಾ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ನಾನೂ ಗಿರಾಕಿಗಳಿಗೆ, “ಇವತ್ತು ನೀರು ಸೆಳೀತದೆ” ಅನ್ನತೊಡಗಿದೆ. ಹಾಗೆ ಅಂದಾಗಲೆಲ್ಲ ಗಾಡಿಯ ಕಡೆ ನೋಡುತ್ತಿರಲಿಲ್ಲ.

ಹೋದ ತಿಂಗಳು ದೊಡ್ಡ ಸಂಸಾರವೊಂದು ನನ್ನ ತೆಪ್ಪಕ್ಕೆ ಹತ್ತಿತು. ತಾಯಿಯ ಮಡಿಲಲ್ಲಿ ಕೂಸಿತ್ತು. ಯಜಮಾನ ಕೂತ ತಕ್ಷಣ, “ಚೆನ್ನಾಗಿ ಸುತ್ತಿಸ್ಬೇಕು ನೋಡಪ್ಪಾ” ಅಂದ. ನೀರು ಮಂಡಿಯುದ್ದಕ್ಕೆ ಇಳಿದಿತ್ತು ದಂಡೆಯಲ್ಲಿ. ಸೆಳೀತದೆ ಅಂದರೆ ನಗುತ್ತಿದ್ದರು. ತೆಪ್ಪದವರೆಲ್ಲ ನೋಡುತ್ತಿದ್ದರು. “ಆಯ್ತು ಸಾ” ಅಂದುಬಿಟ್ಟೆ.

ಹುಟ್ಟು ಎತ್ತುವಷ್ಟರಲ್ಲಿ ಅಣ್ಣ ಗಾಡಿ ಬಿಟ್ಟು ನೀರಿನವರೆಗೂ ಓಡಿ ಬಂದ. ಕೈಯಲ್ಲಿ ಈರುಳ್ಳಿ ಹೆಚ್ಚುವ ಚಾಕು ಹಾಗೇ ಇತ್ತು.

“ಇಳೀರಿ ಕಣ್ರೀ! ಕೂಸು ಬೇರೆ ಅದೆ! ಅವ್ನಿಗೂ ನನ್ನಂಗೇ ತಲೆ ತಿರುಗ್ತದೆ, ಬಲಗಣ್ಣು ನೋಡಿ ಅವ್ನುದ!”

ಇಡೀ ದಂಡೆಗೆ ಕೇಳಿಸಿತು. ಆ ಸಂಸಾರ ದಡಬಡ ಇಳಿಯಿತು. ಸಾಲಿನಲ್ಲಿ ನನ್ನ ಹಿಂದಿದ್ದವನು ತನ್ನ ತೆಪ್ಪವನ್ನು ನನ್ನದರ ಮುಂದಕ್ಕೆ ಎಳೆದುಕೊಂಡು ಹೋದ.

ನಾನು ಗಾಡಿಯ ಹತ್ತಿರ ಹೋದೆ. ಸಿಟ್ಟು ನೆತ್ತಿಗೇರಿತ್ತು. ಎಷ್ಟೋ ವರ್ಷದ ಮೇಲೆ ಅವನನ್ನು ಮಾತಾಡಿಸುತ್ತಿದ್ದೆ.

“ಯಾಕಣ್ಣೋ ಅಂಗಂದೆ? ನನ್ನ ಉಳ್ಸಕ್ಕೋ, ಮುಗ್ಸಕ್ಕೋ?”

ಅವನು ತಲೆಯೆತ್ತಲಿಲ್ಲ. ಹೆಚ್ಚುತ್ತಿದ್ದ ಈರುಳ್ಳಿಯನ್ನು ಪೂರ್ತಿ ಹೆಚ್ಚಿದ.

“ಎಲ್ಡುಕ್ಕೂ ಕಣ್ಲಾ” ಅಂದ. “ಅವತ್ತು ಇದೇ ಗಾಡಿ ತಾವ ನೀನು ಒಂದುಕ್ಕೇ ಅಂದಿದ್ದೆ.”