ಹಗೇವಿಗೆ ಇಳಿಸಿದ ದೀಪ

ಭಾಲ್ಕಿ ಕಡೆಯ ಮೆಹಕರದ ಚಂದ್ರಭಾಗಾ ಮೊನ್ನೆ ಸೋಮವಾರ ಬೀದರಿನ ನಮ್ಮ ಮನೆಯಲ್ಲಿ ತೀರಿಕೊಂಡಳು. ಎದೆಯಲ್ಲಿ ಕಫ ಕಟ್ಟಿತ್ತು. ಔಷಧಕ್ಕೆಂದು ಊರಿನಿಂದ ನಾನೇ ಕರೆತಂದಿದ್ದೆ.

ಆಕೆ ಕುರಿ ಸಾಕುವವರ ಮನೆಯ ಸೊಸೆ. ತವರು ಔರಾದ ಕಡೆಯ ಚಿಂತಾಕಿ. ನಾನು ಕುಬರಾ, ಮೆಹಕರದ ಉರ್ದು ಮಾಸ್ತರರ ಮಗಳು. ನಮ್ಮಿಬ್ಬರ ಅಂಗಳಗಳ ನಡುವೆ ಮೊಣಕಾಲೆತ್ತರದ ಗೋಡೆಯಿತ್ತು. ನಾನು ಓದಿದ ಕತೆಗಳನ್ನೆಲ್ಲ ಆ ಗೋಡೆಯ ಮೇಲೆ ಕೂತು ಆಕೆಗೆ ಹೇಳುತ್ತಿದ್ದೆ.

ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಾರೆ. ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಆಳದ ಕುಣಿ. ಒಬ್ಬರು ಇಳಿಯುವಷ್ಟು ಬಾಯಿ, ಮೇಲೊಂದು ಚಪ್ಪಡಿ. ಬಹಳ ದಿನ ಮುಚ್ಚಿಟ್ಟರೆ ಒಳಗಿನ ಗಾಳಿ ಸಾಯುತ್ತದೆ. ಚಂದ್ರಭಾಗಾಳ ಅಣ್ಣ ಬಕ್ಕಪ್ಪ ಹಾಗೆ ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಇಳಿದ ಅಪ್ಪನೂ ಬರಲಿಲ್ಲ. ಅಂದಿನಿಂದ ಆಕೆ ಮೊದಲು ದೀಪ ಇಳಿಸಿ, ಅದು ಆರದೆ ಉರಿಯುವುದನ್ನು ನೋಡದೆ ಯಾರನ್ನೂ ಹಗೇವಿಗೆ ಇಳಿಯಗೊಡುತ್ತಿರಲಿಲ್ಲ.

"ನಮ್ಮ ವೈನಿ ರೊಟ್ಟಿ ಬುಟ್ಟಿಗೂ ದೀಪ ಇಳಿಸಿ ಆಮ್ಯಾಲ ಕೈ ಹಾಕ್ತಾಳ ನೋಡ್ರಿ," ಎಂದು ಮೈದುನ ಧೊಂಡಿಬಾ ನಗುತ್ತಿದ್ದ.

"ನಿನ್ನ ಬಾಯಿಗೂ ಒಮ್ಮಿ ಇಳಸಬೇಕು. ಅಲ್ಲಿನೂ ಗಾಳಿ ಸರಿ ಇಲ್ಲ."

ನಿಜಾಮರ ರಾಜ್ಯಕ್ಕೆ ಹೊರಗಿನ ಸಾಮಾನು ಬರುವುದು ನಿಂತ ವರ್ಷ ಭಾಲ್ಕಿ ಪೇಟೆಯಲ್ಲಿ ಚಿಮಣಿ ಎಣ್ಣೆ ಸಿಗದಾಯಿತು. ಸಂಜೆಯಾದರೆ ಊರು ಯಾರದೋ ಕನಸಿನ ಊರಿನಂತೆ ಮಸುಕಾಗುತ್ತಿತ್ತು. ಎಣ್ಣೆ ಉಳಿಸಲು ಮಂದಿ ಹಗೇವಿನೊಳಗೆ ಕೂಗಿ ನೋಡತೊಡಗಿದರು. ದನಿ ತಿರುಗಿ ಬಂದರೆ ಗಾಳಿ ಚಲೋ ಅಂತೆ.

"ಸತ್ತವರ ಕುಣಿನೂ ದನಿ ತಿರುಗಿಸಿ ಕೊಡ್ತದ," ಎನ್ನುತ್ತಿದ್ದಳು ಚಂದ್ರಭಾಗಾ.

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಆಳ್ವಿಕೆ ಬಿದ್ದ ವಾರ ಬೇರೆ ಊರಿನ ಗುಂಪೊಂದು ಮುಸಲ್ಮಾನರ ಮನೆಗಳನ್ನು ಹುಡುಕುತ್ತ ಬರುತ್ತಿದೆ ಎಂಬ ಸುದ್ದಿ ಬಂತು. ಅಬ್ಬಾ ಬೀದರಿನಲ್ಲೇ ಸಿಕ್ಕಿಕೊಂಡಿದ್ದರು. ಮೋಡ ಕವಿದ ಮಧ್ಯಾಹ್ನ ನಾನು ಗೋಡೆ ದಾಟಿದೆ. ಧೊಂಡಿಬಾ ಆಗಲೇ ಚಪ್ಪಡಿ ಸರಿಸುತ್ತಿದ್ದ.

"ಇಳಿ ತಂಗಿ, ಲಗೂ ಇಳಿ! ಮಂದಿ ಹಳ್ಳಕ್ಕ ಬಂದಾರ."

ಚಂದ್ರಭಾಗಾ ನನ್ನ ತೋಳು ಹಿಡಿದಳು. "ಮಂದಿ ಇನ್ನಾ ಹಳ್ಳದಾಗ ಅದಾರ. ಸಾವು ಇಲ್ಲೇ ಅದ."

ಮನೆಯಲ್ಲಿ ಉರಿಯುತ್ತಿದ್ದದ್ದು ಮನೆದೇವರು ಮಲ್ಲಣ್ಣನ ಮುಂದಿನ ಕುಸುಬೆ ಎಣ್ಣೆಯ ದೀಪ ಒಂದೇ. ಆಕೆ ಅದನ್ನು ಎತ್ತಿಕೊಂಡು ಬಂದಾಗ ಅತ್ತೆ ಪುತಳಾಬಾಯಿ ಹಿಂದೆಯೇ ಬಂದಳು.

"ಏ ಹುಚ್ಚಿ, ಮಲ್ಲಣ್ಣನ ದೀಪ ಕುಣಿಗಿ ಇಳಸ್ತಿ?"

"ಒಳಗ ಹ್ಯಾಂಗ ಅದ ಅಂತ ಮಲ್ಲಣ್ಣನೂ ನೋಡ್ಲಿ ಅತ್ತಿ."

ಗಡಿಗೆಯಲ್ಲಿಟ್ಟು ಇಳಿಸಿದ ದೀಪ ಅರ್ಧಕ್ಕೇ ಆರಿತು, ನಿದ್ದೆ ಬಂದ ಕಣ್ಣಿನಂತೆ. ಆಕೆ ಹಗ್ಗಕ್ಕೆ ಕಂಬಳಿ ಕಟ್ಟಿ ಬಾವಿಯಲ್ಲಿ ಕೊಡ ಆಡಿಸಿದಂತೆ ಮೇಲೆ ಕೆಳಗೆ ಆಡಿಸಿದಳು. ಹಳಸಿದ ಅಂಬಲಿಯ ವಾಸನೆ ಎದ್ದು ಬಂತು. ಮತ್ತೆ ದೀಪ, ತಳ ಮುಟ್ಟಿ ಆರಿತು. ಊರ ಬಾಯಲ್ಲಿ ನಾಯಿಗಳು ಬೊಗಳತೊಡಗಿದವು. ಧೊಂಡಿಬಾ ಬೈಯುತ್ತಲೇ ಕಂಬಳಿ ಆಡಿಸಿದ. ಮೂರನೆಯ ಸಲ ದೀಪ ತಳದಲ್ಲಿ ನಿಂತಿತು, ಹಳದಿ ಕುಸುಬೆ ಹೂವಿನ ಹಾಗೆ.

ಆಕೆ ನನ್ನ ನಡುವಿಗೆ ಹಗ್ಗ ಕಟ್ಟಿದಳು. "ನಾ ಎಳದಾಗ ನೀ ಎಳಿ. ನೀ ಎಳೀಲಿಲ್ಲಂದ್ರ ಯಾರೇ ನಿಂತಿರ್ಲಿ, ಮ್ಯಾಲ ತೆಗೀತೇನಿ. ಎರಡು ಸಲ ಎಳದ್ರ ದೀಪ ಆರಿಸು."

ಒಳಗೆ ಜೋಳದ ಮೇಲೆ ಕೂತೆ. ನೆಲದ ಹೊಟ್ಟೆಯಲ್ಲಿ ಮಲ್ಲಣ್ಣನ ದೀಪದ ಎದುರು ನಾನೊಬ್ಬಳೇ. ಅರ್ಧ ಸರಿಸಿದ ಚಪ್ಪಡಿಯ ಸಂದಿಯಲ್ಲಿ ಆಕಾಶ ಚೂರು ಚಂದ್ರನಷ್ಟಿತ್ತು. ಹಗ್ಗ ಎರಡು ಸಲ ಎಳೆಯಿತು. ದೀಪ ಊದಿದೆ. ಇನ್ನು ಗಾಳಿಯ ಸುದ್ದಿ ಹೇಳಲು ನನಗೆ ಏನೂ ಉಳಿಯಲಿಲ್ಲ.

ಮಾತುಗಳು ನೀರಿನಾಚೆಯಿಂದ ಬಂದಂತೆ ಬಂದವು. "ಈ ಹಗೇವಿನ್ಯಾಗ ಏನದ?"

"ಜೋಳ ಅದ, ಕೆಟ್ಟ ಗಾಳಿ ಅದ. ನಮ್ಮಪ್ಪನ್ನ, ಅಣ್ಣನ್ನ ತಿಂದದ್ದು ಇಂಥದ್ದೇ."

ಯಾರೋ ಬಗ್ಗಿ ಕೂಗಿದ. ಕೂಗು ನನ್ನ ಸುತ್ತ ತಿರುಗಿ ಮೇಲೆ ಹೋಯಿತು. "ದನಿ ಬಂತಲ್ಲ, ಗಾಳಿ ಚಲೋ ಅದ."

"ಹಂಗಾರ ಇಳಿಯಪ್ಪಾ. ನಿನ್ನ ಮ್ಯಾಲ ತೆಗಿಯೋರು ಯಾರಂತ ಮೊದಲ ಹೇಳಿ ಇಳಿ."

ಯಾರೂ ಇಳಿಯಲಿಲ್ಲ. ಆದರೆ ಬೇಗ ಹೋಗಲೂ ಇಲ್ಲ. ಅಂಗಳದಲ್ಲೇ ನೀರು ಕೇಳಿ ಕುಡಿದರು. ಆಕೆ ಚಪ್ಪಡಿಯ ಮೇಲೆ ಕೂತು, ಹಗ್ಗವನ್ನು ಸೀರೆಯ ನಿರಿಗೆಯಲ್ಲಿ ಅಡಗಿಸಿ ಜೋಳ ಹಸನು ಮಾಡುತ್ತಿದ್ದಳಂತೆ. ಕತ್ತಲಲ್ಲಿ ನನಗೆ ತೂಕಡಿಕೆ ಬರುತ್ತಿತ್ತು. ಅಬ್ಬಾ ಕುಸುಬೆ ಹೊಲದ ನಡುವೆ ನಡೆದು ಬರುತ್ತಿದ್ದರು. ಹಗ್ಗ ಎಳೆಯುತ್ತಿತ್ತು, ನಾನು ಎಳೆಯುತ್ತಿದ್ದೆ. ಒಮ್ಮೆ ಎಳೆಯಲು ಕೈಯೇ ಏಳಲಿಲ್ಲ. ಆಮೇಲೆ ನೆನಪಿರುವುದು ಮುಖದ ಮೇಲೆ ಮಳೆ ಹನಿ, ಧೊಂಡಿಬಾನ ಏದುಸಿರು. ಗುಂಪು ಆಗಷ್ಟೇ ಊರ ಅಗಸೆ ಬಾಗಿಲು ದಾಟಿತ್ತು. ಅವರು ಇಲ್ಲೇ ನಿಂತಿದ್ದರೂ ತೆಗೆಯುತ್ತಿದ್ದೆ ಎಂದಳು ಚಂದ್ರಭಾಗಾ. ಆ ಮಾತನ್ನು ನಾನು ನಂಬಿದೆ.

ಆಮೇಲೆ ಧೊಂಡಿಬಾ ದೀಪದ ಮಾತೆತ್ತಿ ನಗುವುದನ್ನು ಬಿಟ್ಟ. ನಾವು ಬೀದರಿಗೆ ಬಂದೆವು. ಪ್ರತಿ ವರ್ಷ ಆಕೆಯ ಜೋಳದ ಚೀಲ ಬರುತ್ತಿತ್ತು.

ಮೊನ್ನೆ ಸೋಮವಾರ ಸಂಜೆ ಮಳೆಗೆ ಬಿಜಲಿ ದೀಪ ಹೋಯಿತು. ಕಡ್ಡಿಪೆಟ್ಟಿಗೆ ಹುಡುಕಲು ಏಳುತ್ತಿದ್ದೆ. ಕತ್ತಲಲ್ಲಿ ಆಕೆ ನನ್ನ ಸೆರಗು ಹಿಡಿದು ಎಳೆದಳು. ನಾನು ಎಳೆದೆ. ಆಕೆ ಮತ್ತೊಮ್ಮೆ ಎಳೆದಳು. ಎರಡು ಸಲ ಆಗಿತ್ತು, ದೀಪ ಹಚ್ಚದೆ ಆಕೆಯ ಪಕ್ಕದಲ್ಲೇ ಕೂತೆ.