ಹಿಡಿದುಕೊಂಡ ಸೀಟು

ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ನನಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು, ಜೊತೆಗೆ ಎರಡು ವರ್ಷದ ಮೆರಿಟ್ ಸ್ಕಾಲರ್‌ಶಿಪ್ಪೂ ಇತ್ತು. ಆದರೆ ನನ್ನ ಮನಸ್ಸೆಲ್ಲ ಪುಣೆಯ ಒಂದು ಹೆಸರಾಂತ ಕಾಲೇಜಿನ ಮೇಲಿತ್ತು. ಅಲ್ಲಿಗೆ ಕಂಪನಿಯವರೇ ಬಂದು ಕೆಲಸ ಕೊಡುತ್ತಾರೆಂದು ಸೋದರಮಾವ ಹೇಳಿದ್ದರು.

ಮೆರಿಟ್ ಪಟ್ಟಿಯಲ್ಲಿ ನನ್ನ ನಂತರದ ಹೆಸರು ಇಂಡಿಯ ಕಾಲೇಜಿನಲ್ಲಿ ನನ್ನ ಜೊತೆ ಡಿಗ್ರಿ ಓದಿದ ಗೆಳತಿಯದು. ಅವಳ ಅಪ್ಪ ಝಳಕಿಯಲ್ಲಿ ಟೇಲರ್. ಸ್ಕಾಲರ್‌ಶಿಪ್ ಇಲ್ಲದೆ ಅವರು ಮಗಳನ್ನು ಮುಂದೆ ಓದಿಸುವಂತಿರಲಿಲ್ಲ. ಒಂದು ದಿನ ಫೋನ್ ಮಾಡಿ ಅವಳು, "ಪುಣೆ ಖಾತ್ರಿ ಆದ್ರ ಈ ಸೀಟ ಲಗೂನ ಬಿಟ್ಟಬಿಡವಾ, ನನಗ ಬರ್ತೈತಿ," ಎಂದಳು.

"ಇನ್ನೂ ಏನೂ ಖಾತ್ರಿ ಇಲ್ಲ," ಎಂದೆ.

ಪುಣೆಯ ಪತ್ರ ಬಂದು ಅವತ್ತಿಗೆ ನಾಲ್ಕು ದಿನವಾಗಿತ್ತು. ಅಲ್ಲಿ ಹೊಂದದಿದ್ದರೆ ಇದಾದರೂ ಇರಲಿ ಎಂದು ಎರಡನ್ನೂ ಹಿಡಿದುಕೊಂಡಿದ್ದೆ. ಪ್ರವೇಶದ ಕೊನೆಯ ದಿನಾಂಕ ದಾಟಿದ ಮೇಲೆ ಸರ್ಕಾರಿ ಸೀಟು ಬಿಟ್ಟೆ. ಆ ಸ್ಕಾಲರ್‌ಶಿಪ್ ಆ ವರ್ಷ ಯಾರಿಗೂ ಹೋಗಲಿಲ್ಲ.

ನನಗೆ ಪುಣೆಯಲ್ಲೇ ಔಷಧ ಕಂಪನಿಯ ಕೆಲಸ ಸಿಕ್ಕಿತು. ಅವಳು ಬಿ.ಎಡ್. ಮುಗಿಸಿ ಸಿಂದಗಿಯ ಖಾಸಗಿ ಶಾಲೆಯೊಂದಕ್ಕೆ ಸೇರಿದಳು. ಕಳೆದ ವರ್ಷ ಇಂಡಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಇನ್ನು ತಡೆಯಲಾರದೆ ಎಲ್ಲ ಹೇಳಿ ತಪ್ಪಾಯಿತೆಂದೆ.

"ನನಗ ಆವಾಗ ಗೊತ್ತಿತ್ತು," ಎಂದಳು ಮೆಲ್ಲಗೆ. "ನಿಮ್ಮವ್ವನ ಹೇಳಿದ್ರು, ಪುಣೆ ಪತ್ರ ಬಂದೈತಿ ಅಂತ. ಅದಕ್ಕ ನಿನಗ ಫೋನ್ ಮಾಡಿದ್ದೆ."

ಅಷ್ಟರಲ್ಲಿ ಅವಳ ಬಸ್ ಬಂತು. ಮನೆಗೆ ಬಾ ಎಂದು ಕರೆಯದೆ ಹತ್ತಿ ಹೋದಳು.